ಪಾಸಾದ ಯೆಜ್ಡಿಯೂ ಕುಕ್ಕರಿನ ಗ್ಯಾಸ್ಕೆಟ್ಟೂ

ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾದರೆ ಎಷ್ಟು ಹೊತ್ತು ಕಾದರೂ ಸೀಟಿ ಬರುವುದಿಲ್ಲ, ಬೇಳೆ ಬೇಯುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾದ್ದೇನೂ ಇಲ್ಲ. ದಿನಾ ಒಲೆಯ ಮೇಲೆ ಏರುವ ಕುಕ್ಕರಿನದಷ್ಟೇ ಅಲ್ಲ, ಅಟ್ಟದ ಮೇಲೆ ಸುಮ್ಮನೆ ಕೂತ ದೊಡ್ಡ ಕುಕ್ಕರಿನದೂ ಹಾಳಾಗುತ್ತದೆ. ನೆಂಟರು ಬಂದ ದಿನ ಇಳಿಸಿ ನೋಡಿದರೆ ರಬ್ಬರು ಬಿರುಕು ಬಿಟ್ಟಿರುತ್ತದೆ. ಈ ಸಲ ನಾನು ಹೇಳಹೊರಟಿರುವುದೂ ಅದೇ ಕಥೆ ಅನ್ನಿ. ಆದರೆ ಅಡಿಗೆಮನೆಯದಲ್ಲ, ನಮ್ಮ ಜಗಲಿಯ ಪಕ್ಕದಲ್ಲಿ ನಿಂತಿರುವ ಯೆಜ್ಡಿ ಬೈಕಿನದು.

ಅದು ನಮ್ಮ ಮಾವನವರು 1990ರ ನವೆಂಬರಿನಲ್ಲಿ ಕೊಂಡ ರೋಡ್‌ಕಿಂಗ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. (2022ರಲ್ಲಿ ಅದೇ ಹೆಸರಿನ ಹೊಸ ಬೈಕುಗಳು ಬಂದವು, ಅವು ಬೇರೆ.) 250 ಸಿ.ಸಿ. ಎಂಜಿನ್ನು, ಎರಡು ಸೈಲೆನ್ಸರು, ಕಿಕ್ಕರಿಗೂ ಗೇರಿಗೂ ಒಂದೇ ಲಿವರು. ಮಾವನವರು ಅತ್ತೆಯವರನ್ನು ಹಿಂದೆ ಕೂರಿಸಿಕೊಂಡು ಗೋಕರ್ಣದವರೆಗೂ ಹೋಗಿ ಬಂದಿದ್ದರಂತೆ. ಅವರು ತೀರಿಕೊಂಡ ಮೇಲೆ ನಮ್ಮ ಮನೆಯವರು ಅದನ್ನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಾರೆ. ಭಾನುವಾರ ತೊಳೆಯುವುದು, ಕಿಕ್ಕರ್ ಹೊಡೆದು ಹತ್ತು ನಿಮಿಷ ಆ ಟಪಟಪ ಶಬ್ದ ಕೇಳುವುದು, ಮತ್ತೆ ಹೊದಿಕೆ ಹೊದಿಸುವುದು. ರಸ್ತೆಗಿಳಿಯುವುದು ಮಾತ್ರ ಅಪರೂಪ.

ಸ್ವಂತದ ಬೈಕಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನಮೂನೆ 25 ತುಂಬಿ, ಗಾಡಿಯನ್ನು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ, ಪಾಸ್ ಮಾಡಿಸಿಕೊಳ್ಳಬೇಕು. 20 ವರ್ಷ ದಾಟಿದ ದ್ವಿಚಕ್ರ ವಾಹನಕ್ಕೆ ಇದರ ಶುಲ್ಕ 2025ರ ಆಗಸ್ಟಿನಲ್ಲಿ 2000 ರೂಪಾಯಿಗೆ ಏರಿತು. ಸರಿಯಾಗಿ ಮರುತಿಂಗಳೇ ನಮ್ಮ ಸರದಿ! ಅವತ್ತು ಪೇಟೆಯಲ್ಲಿ ನನಗೂ ಕೆಲಸವಿತ್ತು, ಜೊತೆಗೆ ಹೋಗಿದ್ದೆ. ಇನ್‌ಸ್ಪೆಕ್ಟರು ಚಾಸಿಸ್ ನಂಬರು, ಎಂಜಿನ್ ನಂಬರು ತಾಳೆ ನೋಡಿದರು. ದೀಪ ಹಾಕಿಸಿದರು, ಹಾರ್ನ್ ಮಾಡಿಸಿದರು, ಬ್ರೇಕ್ ಒಮ್ಮೆ ಹಿಡಿಸಿದರು, ಟೈರಿನ ಕಡೆ ಕಣ್ಣು ಹಾಯಿಸಿದರು. "ಚೆನ್ನಾಗಿಟ್ಟಿದ್ದೀರಿ ಸಾರ್" ಎಂದರು. ಹುರುಳಿಕಾಯಿ ನಾರು ತೆಗೆಯುವಷ್ಟು ಹೊತ್ತೂ ಆಗಲಿಲ್ಲ, ಐದು ವರ್ಷಕ್ಕೆ ಪಾಸ್. ಇವರ ಮುಖ ನೋಡಬೇಕಿತ್ತು, ಮಗ ರ‍್ಯಾಂಕ್ ಬಂದ ಹಾಗೆ!

ಅದೇ ಹುರುಪಿನಲ್ಲಿ ಒಂದು ಘೋಷಣೆಯೂ ಆಯಿತು. ಮಗಳು ಉಜಿರೆಯಲ್ಲಿ ಓದುತ್ತಿದ್ದಾಳೆ, ದಸರಾ ರಜಕ್ಕೆ ಬಂದಿದ್ದಳು. "ಪುಟ್ಟಿ, ಈ ಸಲ ಬಸ್ಸು ಬೇಡ. ನಿನ್ನ ತಾತನ ಗಾಡಿಯಲ್ಲೇ ಚಾರ್ಮಾಡಿ ಇಳಿಸಿ ಹಾಸ್ಟೆಲಿಗೆ ಬಿಡ್ತೀನಿ." ಅವಳೂ ಕುಣಿದಳು. ನನ್ನ ಎದೆ ಧಸಕ್ಕೆಂದಿತು. ಆದರೂ, ಸರ್ಕಾರವೇ ಪಾಸ್ ಮಾಡಿದ ಮೇಲೆ ನನ್ನದೇನು ಮಾತು ಎಂದು ಸುಮ್ಮನಾದೆ.

ಆಯುಧಪೂಜೆಯ ದಿನ ಗಾಡಿ ಒರೆಸುವ ಪಾಲು ನನಗೆ ಬಂತು. ಮುಂದಿನ ಚಕ್ರದ ಹತ್ತಿರ ಬ್ರೇಕಿನ ಕೇಬಲ್ ಹೊರಗೆ ಕಾಣುತ್ತದಲ್ಲ, ಅಲ್ಲಿ ಬಟ್ಟೆ ಸಿಕ್ಕಿಕೊಂಡಿತು. ಎಳೆದರೆ ಬರಲೊಲ್ಲದು. ಬಗ್ಗಿ ನೋಡಿದರೆ ತಂತಿಯ ಎಳೆಗಳು ಕಡಿದು ಮುಳ್ಳಿನ ಹಾಗೆ ಎದ್ದಿವೆ! ಟೈರು ಉಜ್ಜಿದಾಗ ಅದರ ಪಕ್ಕೆಯಲ್ಲಿ ಸಣ್ಣ ಸಣ್ಣ ಗೀರುಗಳು, ನೀರು ಬತ್ತಿದ ಕೆರೆಯ ಅಂಗಳದ ಹಾಗೆ. ಉಗುರು ಒತ್ತಿದರೆ ಒಂದಿಷ್ಟೂ ಇಳಿಯಲಿಲ್ಲ. ಥೇಟ್ ನಮ್ಮ ಅಟ್ಟದ ಗ್ಯಾಸ್ಕೆಟ್.

"ಅಲ್ಲಾರೀ, ಇದನ್ನು ನೋಡಿದಿರಾ?" ಎಂದೆ.

"ಗ್ರಿಪ್ಪು ನೋಡೇ, ಹೊಸದರ ಹಾಗಿದೆ. 2030ರವರೆಗೆ ಬರೆದುಕೊಟ್ಟಿದ್ದಾರೆ, ನೀನು ಬಟ್ಟೆ ಹಿಡಿದುಕೊಂಡು ಫೇಲ್ ಮಾಡ್ತೀಯ?"

ಹಬ್ಬದ ದಿನ ಜಗಳ ಬೇಡವೆಂದು ಕುಂಕುಮ ಇಟ್ಟು, ನಿಂಬೆಹಣ್ಣು ಚಕ್ರದಡಿ ಇಟ್ಟು ಪೂಜೆ ಮುಗಿಸಿದೆ. ಆದರೆ ಮಾರನೇ ದಿನ ಬೆಳಿಗ್ಗೆಯೇ ಮೆಕ್ಯಾನಿಕ್ ಹುಡುಗನನ್ನು ನಾನೇ ಕರೆಸಿದೆ. ಇವರು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಹೋಗಲಿ.

ಅವನು ಕೇಬಲ್ ಬಿಚ್ಚಿ ಕೈಗೆ ಕೊಟ್ಟ. ಕವಚದೊಳಗೆಲ್ಲ ತುಕ್ಕು, ಅರ್ಧದಷ್ಟು ಎಳೆ ಇಲ್ಲ. "ಅಕ್ಕಾ, ಮೆಲ್ಲಗೆ ಹಿಡಿದರೆ ಇದು ಇನ್ನೊಂದು ವರ್ಷ ಬರ್ತದೆ. ಕಡಿಯೋದು ಗಟ್ಟಿಯಾಗಿ ಹಿಡಿದಾಗಲೇ" ಎಂದ. ಗಟ್ಟಿಯಾಗಿ ಹಿಡಿಯುವುದು ಯಾವಾಗ? ತಿರುವಿನಲ್ಲಿ ಎದುರಿಗೆ ಲಾರಿ ಬಂದಾಗ. ಪಾಸ್ ಮಾಡಿಸುವ ಅಂಗಳದಲ್ಲಿ ಹಿಡಿದದ್ದು ಮೆಲ್ಲಗೆ.

ಟೈರಿನ ಮೇಲೊಂದು ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ತೋರಿಸಿದ, 2411. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಎಂದರೆ 2011ರ 24ನೇ ವಾರದಲ್ಲಿ ತಯಾರಾದ ಟೈರು. ಹದಿನಾಲ್ಕು ವರ್ಷ! ಸಾರಿನ ಪುಡಿ ಪೊಟ್ಟಣದ ತಾರೀಖು ತಿರುಗಿಸಿ ನೋಡುವ ನಾನು ಇದನ್ನು ಯಾವತ್ತೂ ನೋಡಿರಲಿಲ್ಲ. ಹೆಚ್ಚು ಓಡಿಲ್ಲದ್ದರಿಂದ ಗ್ರಿಪ್ಪು ಸವೆದಿರಲಿಲ್ಲ. ಆದರೆ ರಬ್ಬರು ನಿಂತಲ್ಲೇ ಮುದುಕಾಗಿತ್ತು. ಒದ್ದೆ ರಸ್ತೆಯಲ್ಲಿ ಅಂಥ ಗಟ್ಟಿ ರಬ್ಬರು ಹಿಡಿಯುವುದಿಲ್ಲ, ಜಾರುತ್ತದೆ. ಪೆಟ್ರೋಲ್ ಪೈಪು ಬಗ್ಗಿಸಿದ್ದೇ ತಡ, ಚಕ್ಕುಲಿಯ ಹಾಗೆ ಮುರಿಯಿತು.

ಇನ್‌ಸ್ಪೆಕ್ಟರನ್ನು ಬೈಯುವುದು ಸುಲಭ. ಆದರೆ ಟೈರಿನ ಗ್ರಿಪ್ಪು 0.8 ಮಿಲಿಮೀಟರಿಗಿಂತ ಕಡಮೆ ಇರಬಾರದೆಂಬುದು ನಿಯಮ. ನಮ್ಮದರಲ್ಲಿ ಧಾರಾಳವಾಗಿತ್ತು, ಪಾಸಾಯಿತು. ಅದರ ವಯಸ್ಸನ್ನು ಅವತ್ತು ಅಲ್ಲಿ ಯಾರೂ ಕೇಳಲಿಲ್ಲ. ಇನ್ನೊಂದು ತಮಾಷೆ ನೋಡಿ. ಇಂಥ ಹಳೇ ಗಾಡಿಯ ಹೊಗೆಯನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. 2000ದ ಮಾರ್ಚಿಗೆ ಮುಂಚಿನ ಬೈಕಾದರೆ ಕಾರ್ಬನ್ ಮಾನಾಕ್ಸೈಡ್ ಶೇಕಡ 4.5 ಮೀರಕೂಡದು. ಬ್ರೇಕನ್ನು ನೋಡುವುದು ಐದು ವರ್ಷಕ್ಕೊಮ್ಮೆ!

ಘಾಟಿ ಇಳಿಯುವಾಗ ಯೆಜ್ಡಿಯಂಥ ಟೂ ಸ್ಟ್ರೋಕ್ ಗಾಡಿಗೆ ಬ್ರೇಕೇ ಪ್ರಾಣ. ಈಗಿನ ಫೋರ್ ಸ್ಟ್ರೋಕ್ ಬೈಕಿನಲ್ಲಿ ಆಕ್ಸಿಲೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಸ್ವಲ್ಪ ಹಿಂದಕ್ಕೆ ಎಳೆದಿಡುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಹಿಡಿತ ಕಡಮೆ. ಆಯಿಲ್ಲೂ ಪೆಟ್ರೋಲಿನಲ್ಲೇ ಬೆರೆತು ಬರುವುದರಿಂದ ಉದ್ದದ ಇಳಿಜಾರಿನಲ್ಲಿ ಆಕ್ಸಿಲೇಟರ್ ಪೂರ್ತಿ ಮುಚ್ಚಿಯೇ ಇದ್ದರೆ ಎಂಜಿನ್ನು ಒಣಗಿ ಹಿಡಿದುಕೊಳ್ಳುವ ಭಯವೂ ಉಂಟು. ಇದನ್ನೆಲ್ಲ ನನಗೆ ಹೇಳಿದವರು ಇವರೇ, ಮದುವೆಯಾದ ಹೊಸದರಲ್ಲಿ. ಆ ಸಂಜೆ ಕಡಿದ ಕೇಬಲನ್ನು ಕೈಯಲ್ಲಿ ಹಿಡಿದುಕೊಂಡು ಜಗಲಿಯಲ್ಲಿ ಬಹಳ ಹೊತ್ತು ಕೂತಿದ್ದರು. ಆಮೇಲೆ, "ಪುಟ್ಟಿಗೆ ಬಸ್ಸಿನ ಟಿಕೆಟ್ ಮಾಡಿಸ್ತೀನಿ" ಎಂದರು.

ಮನೆಯಲ್ಲಿ ಹಳೇ ಗಾಡಿ ಇರುವವರು ಒರೆಸುವಾಗ ಕಣ್ಣೂ ಕೈಯೂ ಆಡಿಸಿ. ಟೈರಿನ ನಾಲ್ಕಂಕಿ ಓದಿ, ಪೆಟ್ರೋಲ್ ಪೈಪು ಮೆತ್ತಗಿದೆಯೇ ಮುಟ್ಟಿ ನೋಡಿ, ಕೇಬಲಿನ ತುದಿಗಳಿಗೆ ಬಟ್ಟೆ ಸವರಿ. ಗಂಡಸರು ಕ್ರೋಮಿಯಂ ಹೊಳಪು ನೋಡುವಷ್ಟು ಇವನ್ನು ನೋಡುವುದಿಲ್ಲ, ನನ್ನ ಅನುಭವ ಇದು.

ಎರಡು ಟೈರು, ಟ್ಯೂಬು, ಬ್ರೇಕು ಮತ್ತು ಕ್ಲಚ್ಚಿನ ಕೇಬಲ್, ಬ್ರೇಕ್ ಶೂ, ಪೈಪು ಎಲ್ಲ ಸೇರಿ ಏಳು ಸಾವಿರದ ಹತ್ತಿರ ಆಯಿತು. ನವೆಂಬರಿನಲ್ಲಿ ಮಳೆ ನಿಂತ ಮೇಲೆ ಮಗಳನ್ನು ನೋಡಲು ನಾವಿಬ್ಬರೂ ಅದರಲ್ಲೇ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕೈ ತೊಳೆದು ಬಂದು ನೋಡುತ್ತೇನೆ, ಘಾಟಿ ಇಳಿಯುವ ಮುಂಚೆ ಇವರು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೇಬಲಿಗೆ ಕರವಸ್ತ್ರ ಸವರುತ್ತಿದ್ದರು. ನಾನು ನೋಡಲಿಲ್ಲವೆಂಬಂತೆ ಸೆರಗು ಸಿಕ್ಕಿಸಿಕೊಂಡು ನಿಂತೆ.

ಹೊಸ ಟೈರಿನ ಅಂಕಿ 2925. ಲೆಕ್ಕದ ಪುಸ್ತಕದಲ್ಲಿ ಗ್ಯಾಸ್ಕೆಟ್ ಬದಲಿಸಿದ ತಾರೀಖಿನ ಕೆಳಗೇ ಬರೆದಿಟ್ಟಿದ್ದೇನೆ.