ತಕ್ಕಡಿ ಯಾರ ಕೈಯಲ್ಲಿದೆ?

ಪೇಟೆಯಲ್ಲಿ ಬೆಲ್ಲ ಮಾರುವವನ ತಕ್ಕಡಿಗೆ ಸರ್ಕಾರದ ಮುದ್ರೆ ಬೀಳಬೇಕು. ಮುದ್ರೆ ಇಲ್ಲವೆಂದರೆ ಇನ್‌ಸ್ಪೆಕ್ಟರು ಬರುತ್ತಾರೆ, ತಕ್ಕಡಿ ಜಪ್ತಿಯಾಗುತ್ತದೆ, ಮೇಲೆ ದಂಡ ಬೇರೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ತೂಕದಲ್ಲಿ ಮೋಸವಾದರೆ ಬಡವನ ತುತ್ತಿಗೇ ಮೋಸವಾದಂತೆ. ಆದರೆ ಹತ್ತು ಹನ್ನೆರಡು ಲಕ್ಷ ರೂಪಾಯಿಗೆ ವಿದ್ಯುತ್ ಕಾರು ಮಾರುವ ಕಂಪೆನಿಯ ಬಳಿಯೂ ಒಂದು ತಕ್ಕಡಿ ಇದೆ. ಕಾರಿನ ಬ್ಯಾಟರಿ ಗಟ್ಟಿಯಾಗಿದೆಯೋ, ಬಸವಳಿದಿದೆಯೋ ಎಂದು ತೂಗಿ ಹೇಳುವ ತಕ್ಕಡಿ ಅದು. ಅದಕ್ಕೆ ಯಾರ ಮುದ್ರೆಯೂ ಇಲ್ಲ. ತಕ್ಕಡಿ ಕಂಪೆನಿಯದು, ಕಲ್ಲು ಕಂಪೆನಿಯದು, ಹಿಡಿಯುವ ಕೈಯೂ ಕಂಪೆನಿಯದೇ. ಕೊಂಡವನ ಪಾಲಿಗೆ ಬಂದಿರುವುದು ಕೈಕಟ್ಟಿ ನಿಲ್ಲುವ ಕೆಲಸ ಮಾತ್ರ.

ನಮಗೆ ಪರಿಚಯದ ಒಬ್ಬರ ಮಾತನ್ನೇ ಕೇಳಿ. ಇಪ್ಪತ್ತಾರು ವರ್ಷ ಮಿಲ್ಲಿನ ಮಗ್ಗದ ಖಾತೆಯಲ್ಲಿ ದುಡಿದವರು. ಕೆಲಸ ಬಿಟ್ಟಾಗ ಬಂದ ಪ್ರಾವಿಡೆಂಟ್ ಫಂಡಿಗೆ ಸಾಲ ಸೇರಿಸಿ ಒಂದು ವಿದ್ಯುತ್ ಕಾರು ಕೊಂಡರು. ಬಾಡಿಗೆಗೆ ತಾವೇ ಓಡಿಸಿಕೊಂಡು ಸಂಸಾರ ಸಾಗಿಸಿದರು. ಬ್ಯಾಟರಿ ಕೈಕೊಟ್ಟರೆ ಗತಿಯೇನು ಎಂದು ಹೆದರಿ, ಹೆಚ್ಚಿನ ಹಣ ತೆತ್ತು ವಿಸ್ತರಿಸಿದ ವಾರಂಟಿಯನ್ನೂ ಬರೆಸಿಕೊಂಡಿದ್ದರು. ಅವರ ಹೆದರಿಕೆ ಸುಳ್ಳಾಗಲಿಲ್ಲ. ಹೊಸದರಲ್ಲಿ ಒಂದು ಚಾರ್ಜಿಗೆ 200 ಕಿಲೋಮೀಟರು ಹೋಗುತ್ತಿದ್ದ ಕಾರು ನಾಲ್ಕನೆಯ ವರ್ಷದಲ್ಲಿ 130ಕ್ಕೆ ನಿಲ್ಲತೊಡಗಿತು. ದೂರದ ಬಾಡಿಗೆಗಳು ತಪ್ಪಿದವು. ಬ್ಯಾಂಕಿನ ಕಂತು ಮಾತ್ರ ತಪ್ಪಲಿಲ್ಲ.

ಸರ್ವಿಸ್ ಸ್ಟೇಷನ್ನಿನಲ್ಲಿ ಕಂಪ್ಯೂಟರು ಜೋಡಿಸಿ ನೋಡಿದರು. “ಬ್ಯಾಟರಿಯ ಆರೋಗ್ಯ ಶೇಕಡಾ 71. ಎಪ್ಪತ್ತಕ್ಕಿಂತ ಕೆಳಗಿಳಿದರೆ ಮಾತ್ರ ಬದಲಾಯಿಸುತ್ತೇವೆ” ಎಂದರು. ಆ ಅಂಕಿಯನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿದರೆ, ಹಾಗೆ ಕೊಡುವ ಪದ್ಧತಿಯಿಲ್ಲ ಎಂಬ ಉತ್ತರ ಬಂತು. ಎರಡು ತಿಂಗಳು ಬಿಟ್ಟು ಹೋದರೆ ಮತ್ತೆ 71. ಮೂರನೆಯ ಸಲ ಹೋದಾಗ ಹೊಸ ರಾಗ: “ನೀವು ಬೇಗ ಚಾರ್ಜಾಗುವ ಯಂತ್ರವನ್ನು ಬಹಳ ಉಪಯೋಗಿಸಿದ್ದೀರಿ.” ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯನ್ನು ಅವರು ಅಂದು ನೆನೆದಿರಬೇಕು.

ಆದರೆ ಅವರು ಮಗ್ಗದ ಮನುಷ್ಯ. ಪಾಳಿ ಮುಗಿದ ಮೇಲೆ ಎಷ್ಟು ಗಜ ನೇಯ್ದೆವೆಂದು ಬರೆದಿಡುವುದು ರೂಢಿಯಾಗಿದ್ದವರು. ಮನೆಯಲ್ಲಿ ಚಾರ್ಜು ಮಾಡುವ ಸ್ಥಳಕ್ಕೆ ಒಂದು ಮೀಟರು ಹಾಕಿಸಿದರು. ನೂರಿಪ್ಪತ್ತು ಪುಟದ ಒಂದು ನೋಟ್‌ಬುಕ್ಕು ತಂದರು. ಖಾಲಿಯಾದ ಬ್ಯಾಟರಿ ತುಂಬಲು ಎಷ್ಟು ಯೂನಿಟ್ಟು ಹೀರಿತು, ಎಷ್ಟು ದೂರ ಓಡಿತು ಎಂದು ದಿನವೂ ಬರೆದರು. ಕಂಪೆನಿಯ ಜಾಹೀರಾತಿನ ಪ್ರಕಾರ ಅದು 30 ಯೂನಿಟ್ಟಿನ ಬ್ಯಾಟರಿ. ದಾರಿಯಲ್ಲಿ ಸೋರಿಹೋಗುವುದೂ ಸೇರಿ 33 ಯೂನಿಟ್ಟಾದರೂ ಹಿಡಿಯಬೇಕು. ಪುಸ್ತಕದಲ್ಲಿ ಬಿದ್ದ ಲೆಕ್ಕ 22. ಆ ಪುಸ್ತಕದ ನಕಲು ಸೇರಿಸಿ ನೋಟೀಸು ಕೊಟ್ಟರು, ಬಳಿಕ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರು. ಎರಡನೆಯ ವಾಯಿದೆ ಬರುವ ಮೊದಲೇ ಕಂಪೆನಿಯವರು ತಾವಾಗಿ ಕರೆದು ಬ್ಯಾಟರಿ ಬದಲಾಯಿಸಿಕೊಟ್ಟರು. ಒಟ್ಟು ಒಂಬತ್ತು ತಿಂಗಳು. ಆ ಒಂಬತ್ತು ತಿಂಗಳ ದುಡಿಮೆಯ ನಷ್ಟವನ್ನು ತುಂಬಿಕೊಟ್ಟವರು ಯಾರೂ ಇಲ್ಲ.

ಇದು ಒಬ್ಬರ ಕಷ್ಟ ಎಂದು ಓದುಗರು ಪುಟ ಮಗುಚಬಾರದು. ವಿದ್ಯುತ್ ಕಾರಿನ ಬೆಲೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ಬ್ಯಾಟರಿಯದೇ. ಅದು ಹೋದರೆ ಕಾರು ಹೋದಂತೆ. ಅದಕ್ಕೇ ಎಂಟು ವರ್ಷ, 1,60,000 ಕಿಲೋಮೀಟರು ಎಂದು ದೊಡ್ಡ ಅಕ್ಷರದಲ್ಲಿ ವಾರಂಟಿಯ ಡಂಗುರ ಸಾರುತ್ತಾರೆ. ಶೇಕಡಾ 70ರ ಷರತ್ತು ಇರುವುದು ಸಣ್ಣ ಅಕ್ಷರದಲ್ಲಿ. ಆ ಎಪ್ಪತ್ತು ನಿಜವಾದ ತೂಕವೂ ಅಲ್ಲ. ಬ್ಯಾಟರಿಯ ಒತ್ತಡ, ಪ್ರವಾಹ, ಶಾಖ ಇವುಗಳಿಂದ ಕಾರಿನೊಳಗಿನ ಒಂದು ಲೆಕ್ಕಾಚಾರ ಊಹಿಸಿ ಹೇಳುವ ಅಂದಾಜು ಅದು. ಲೆಕ್ಕಾಚಾರದ ಸೂತ್ರ ಬರೆದವರು ಕಂಪೆನಿಯವರು; ಅದನ್ನು ತಿದ್ದುವವರೂ ಅವರೇ. ಸಾಲಗಾರನೇ ಬಡ್ಡಿಯ ಲೆಕ್ಕ ಬರೆಯುವ ವ್ಯವಹಾರವನ್ನು ನಮ್ಮ ಯಾವ ಅಂಗಡಿಕಾರನಾದರೂ ಒಪ್ಪುವನೆ?

ಬಿಸಿಲು ಹೆಚ್ಚಿದಲ್ಲಿ ಬ್ಯಾಟರಿ ಬೇಗ ಸೊರಗುತ್ತದೆಂಬುದು ಕಂಪೆನಿಗಳಿಗೆ ಹೊಸ ಸುದ್ದಿಯಲ್ಲ. ಅಮೆರಿಕದ ಅರಿಜೋನಾ ಪ್ರಾಂತದ ಫೀನಿಕ್ಸ್ ನಗರ ನಮ್ಮ ರಾಯಚೂರು, ಕಲಬುರಗಿಗಳಂತೆ ಬಿಸಿಲಿನ ಬೀಡು. ಅಲ್ಲಿ 2012ರಲ್ಲಿ ನಿಸ್ಸಾನ್ ಕಂಪೆನಿಯ ಲೀಫ್ ಕಾರು ಕೊಂಡವರು, ಒಂದೆರಡು ವರ್ಷದೊಳಗೇ ಬ್ಯಾಟರಿ ಸೊರಗಿದ್ದನ್ನು ಕಂಡರು. ಆ ಕಾರಿನ 24 ಯೂನಿಟ್ಟಿನ ಬ್ಯಾಟರಿಯನ್ನು ತಂಪಾಗಿಡಲು ನೀರಿನ ಏರ್ಪಾಡೇ ಇರಲಿಲ್ಲ. ಬ್ಯಾಟರಿಯ ಶಕ್ತಿ ತೋರಿಸಲು ಮೀಟರಿನಲ್ಲಿ ಹನ್ನೆರಡು ಗೆರೆಗಳಿದ್ದವು. ಆದರೆ ಗೆರೆಗಳೆಲ್ಲ ಒಂದೇ ಅಳತೆಯವಲ್ಲ. ಮೊದಲ ಗೆರೆ ಅಳಿಯುವಾಗಲೇ ಶೇಕಡಾ 15ರಷ್ಟು ಶಕ್ತಿ ಹೋಗಿರುತ್ತಿತ್ತು. ಆಮೇಲಿನ ಒಂದೊಂದು ಗೆರೆಗೆ ಶೇಕಡಾ ಆರು ಚಿಲ್ಲರೆ. ಮೊದಲ ಸೇರು ದೊಡ್ಡದು, ಮಿಕ್ಕ ಸೇರುಗಳು ಚಿಕ್ಕವು. ಇಂಥ ಅಳತೆಯನ್ನು ನಮ್ಮ ಸಂತೆಯಲ್ಲಿ ಯಾರಾದರೂ ಇಟ್ಟಿದ್ದರೆ ಏನಾಗುತ್ತಿತ್ತೆಂದು ಹೇಳಬೇಕಾಗಿಲ್ಲ.

ಇದೆಲ್ಲ ಸಹಜವೆಂದು ಕಂಪೆನಿ ಮೊದಮೊದಲು ಹೇಳಿತು. ಮಾಲೀಕರು ಒಬ್ಬೊಬ್ಬರೇ ಹೋಗಿ ಬೇಡಿಕೊಳ್ಳುವುದನ್ನು ಬಿಟ್ಟರು. ಆ ಸೆಪ್ಟೆಂಬರಿನಲ್ಲಿ ಹನ್ನೆರಡು ಕಾರುಗಳನ್ನು ಒಟ್ಟಿಗೆ ಓಡಿಸಿ, ಯಾವುದು ಎಷ್ಟು ದೂರ ಹೋಗುತ್ತದೆಂದು ತಾವೇ ಅಳೆದು ಲೋಕಕ್ಕೆ ಸಾರಿದರು. ಎಲ್ಲರ ಪರವಾಗಿ ಕೋರ್ಟಿನಲ್ಲಿ ದಾವೆಯೂ ಬಿತ್ತು. ಡಿಸೆಂಬರಿನಲ್ಲಿ ಕಂಪೆನಿ ತಲೆಬಾಗಿತು. ಐದು ವರ್ಷ ಅಥವಾ 60,000 ಮೈಲಿಯೊಳಗೆ ಮೀಟರಿನಲ್ಲಿ ಒಂಬತ್ತು ಗೆರೆಗಿಂತ ಕಡಿಮೆಯಾದರೆ ಬ್ಯಾಟರಿಯನ್ನು ಸರಿಪಡಿಸುತ್ತೇವೆ, ಇಲ್ಲವೆ ಬದಲಾಯಿಸುತ್ತೇವೆ ಎಂದು ವಾರಂಟಿ ವಿಸ್ತರಿಸಿತು. ಅದನ್ನು ಆಗಲೇ ಮಾರಿದ್ದ ಕಾರುಗಳಿಗೂ ಅನ್ವಯಿಸಿತು. ವಿಸ್ತರಿಸಿದ ವಾರಂಟಿ ಕಂಪೆನಿಯ ಕರುಣೆಯಿಂದ ಬಂದುದಲ್ಲ. ಬೋನಸ್ಸು ಹೇಗೆ ಬರುತ್ತದೆಂದು ಬಲ್ಲ ಮಿಲ್ ಕೆಲಸಗಾರರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಕಂಪೆನಿಗಳ ವಾದವನ್ನೂ ನಾವು ಕೇಳಬೇಕು. ಬೇಕಾಬಿಟ್ಟಿ ಬಳಸಿ ಕೆಡಿಸಿದವನಿಗೂ ಹೊಸ ಬ್ಯಾಟರಿ ಕೊಡಲಾಗದು ಎನ್ನುತ್ತಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಹಾಗಾದರೆ ಕೆಡಿಸಿದವನಾರು, ಕೆಟ್ಟದ್ದೆಷ್ಟು ಎಂದು ತೀರ್ಮಾನಿಸಲು ಇಬ್ಬರಿಗೂ ಸೇರದ ಮೂರನೆಯವನು ಬೇಕೆಂದಾಯಿತು. ನಾವು ಕೇಳುವುದೂ ಅಷ್ಟೇ. ಊರಿಗೊಂದು ಸೇರು, ಪೇಟೆಗೊಂದು ಮಣವಿದ್ದ ಕಾಲದಲ್ಲಿ 1956ರ ತೂಕ ಅಳತೆಗಳ ಕಾಯಿದೆ ಬಂದು ದೇಶಕ್ಕೆಲ್ಲ ಒಂದೇ ಕಿಲೋಗ್ರಾಮು ತಂದಿತು. ಬೆಲ್ಲಕ್ಕೆ ಆದದ್ದು ಬ್ಯಾಟರಿಗೆ ಏಕೆ ಆಗಬಾರದು? ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದಂತೆ, ಬ್ಯಾಟರಿಯ ಆರೋಗ್ಯದ ಅಂಕಿಗಳನ್ನು ಕೊಂಡವನಿಗೆ ತೆರೆದಿಡುವ ಹೊಣೆ 2024ರ ಆಗಸ್ಟ್ 18ರಿಂದ ತಯಾರಕರ ಮೇಲೆ ಬಿದ್ದಿದೆ. ಅಲ್ಲಿ ಆಗುವುದು ಇಲ್ಲಿ ಆಗದೆನ್ನಲು ಕಾರಣ ಕಾಣೆವು.

ಅಲ್ಲಿಯ ತನಕ ಸುಮ್ಮನೆ ಕೂರುವುದೂ ಬೇಡ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ನಮಗೆ ಬೇಕಾದ ಹತಾರಗಳಿವೆ. “ನೀವು ಬಾಡಿಗೆಗೆ ಓಡಿಸುವವರು, ವ್ಯಾಪಾರಿಗಳು, ಗ್ರಾಹಕರಲ್ಲ” ಎಂದು ಹೆದರಿಸಿದರೆ ಹೆದರಬೇಡಿ. ತಾನೇ ದುಡಿದು ಜೀವನ ಸಾಗಿಸಲೆಂದೇ ಕೊಂಡವನು ಗ್ರಾಹಕನೇ ಎಂದು ಕಾಯಿದೆ ಸ್ಪಷ್ಟವಾಗಿ ಹೇಳಿದೆ. 50 ಲಕ್ಷದ ವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗ ಸಾಕು. ನೀವಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆಯೂ ನಡೆಯುತ್ತದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 10 ಲಕ್ಷದ ವರೆಗೆ 200 ರೂಪಾಯಿ, 20 ಲಕ್ಷದ ವರೆಗೆ 400. ವಸ್ತುವನ್ನು ಪ್ರಯೋಗಶಾಲೆಗೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕುಂಟು. ಒಂದೇ ಬಗೆಯ ತೊಂದರೆಗೊಳಗಾದವರು ಆಯೋಗದ ಅಪ್ಪಣೆ ಪಡೆದು ಎಲ್ಲರ ಪರವಾಗಿ ಒಟ್ಟಿಗೆ ದೂರು ಹಾಕಬಹುದು. ಎರಡು ವರ್ಷದ ಗಡುವನ್ನು ಮಾತ್ರ ಮರೆಯಬಾರದು.

ಕಾರು ಕೊಂಡ ದಿನದಿಂದಲೇ ನೋಟ್‌ಬುಕ್ಕು ಇಡಿ. ಸರ್ವಿಸನ್ನು ಹೇಳಿದ ಕಾಲಕ್ಕೆ ಮಾಡಿಸಿ, ರಸೀತಿ ಜೋಪಾನ ಮಾಡಿ. ಒಂದು ಸರ್ವಿಸು ತಪ್ಪಿದರೆ ಕಂಪೆನಿಗೆ ಅದೇ ನೆವವಾಗುತ್ತದೆ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ, ಬರೆದುಕೊಟ್ಟ ದೂರು ಕಂಪೆನಿಯ ಕೊರಳಿಗೆ ಬೀಳುತ್ತದೆ. ವಾರಂಟಿ ವಿಸ್ತರಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ಆರೋಗ್ಯದ ಅಂಕಿಯನ್ನು ಬರೆದು ಕೊಡುವಿರಾ? ಕೊಡುವ ಬ್ಯಾಟರಿ ಹೊಸದೋ, ತೇಪೆ ಹಚ್ಚಿದ ಹಳೆಯದೋ?

ಸರ್ಕಾರಕ್ಕೂ ಒಂದು ಮಾತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ಮಾಡಿದವರು ನಾವು ಎಂದು ಕರ್ನಾಟಕ ಹೇಳಿಕೊಳ್ಳುತ್ತದೆ. ಹೆಮ್ಮೆಯ ಮಾತೇ ಹೌದು. ಕಾರ್ಖಾನೆ ತೆರೆಯುವವರಿಗೆ ರಿಯಾಯಿತಿ ಕೊಟ್ಟದ್ದಾಯಿತು, ಕೊಂಡವರಿಗೆ ಕೊಟ್ಟದ್ದೇನು? ಜಿಲ್ಲೆಗೊಂದು ಬ್ಯಾಟರಿ ಪರೀಕ್ಷಾ ಕೇಂದ್ರವನ್ನು ತೂಕ ಅಳತೆಯ ಇಲಾಖೆಯ ಕೈಕೆಳಗೆ ತೆರೆಯಲಿ. ಅಲ್ಲಿಯ ಮುದ್ರೆ ಬಿದ್ದ ಅಂಕಿಗೆ ಕಂಪೆನಿಯೂ ಕೊಂಡವನೂ ಬದ್ಧರಾಗಲಿ. ಬದಲಾವಣೆ ತಡವಾದಷ್ಟು ದಿನ ದುಡಿಯುವವನಿಗೆ ಬೇರೆ ಗಾಡಿ ಕೊಡಲಿ, ಇಲ್ಲವೆ ದಿನದ ನಷ್ಟ ಕಟ್ಟಿಕೊಡಲಿ.

ಬೆಲ್ಲದಂಗಡಿಯವನ ತಕ್ಕಡಿಯನ್ನು ಇನ್‌ಸ್ಪೆಕ್ಟರು ಎತ್ತಿ ನೋಡುತ್ತಾರೆ. ಅದೇ ಇನ್‌ಸ್ಪೆಕ್ಟರು ಮುಂದಿನ ಬೀದಿಯಲ್ಲಿರುವ ಗಾಜಿನ ಷೋರೂಮಿನ ಮೆಟ್ಟಿಲನ್ನೂ ಹತ್ತಲಿ. ನಾವು ಕೇಳುತ್ತಿರುವುದು ಇಷ್ಟೇ.