ಕಾಳು ಬೆಳೆದವರ ಬುತ್ತಿಯಲ್ಲಿ ಕಾಳು ಎಲ್ಲಿ?

ಬೆಳಿಗ್ಗೆ ಏಳರ ಹೊತ್ತಿಗೆ ಹೂವಿನ ಹಿಪ್ಪರಗಿಯಿಂದ ಟಂಟಂ ತುಂಬ ಹೆಣ್ಣುಮಕ್ಕಳು ಕಸ ತೆಗೆಯಲು ಹೊರಡುತ್ತಾರೆ. ಒಬ್ಬೊಬ್ಬರ ತೊಡೆಯ ಮೇಲೂ ಒಂದು ಬುತ್ತಿ ಗಂಟು, ಒಂದು ನೀರಿನ ಬಾಟಲಿ. ಅದೇ ಹೊತ್ತಿಗೆ ಬಸ್ಸಿಗೆ ಕಾಯುವ ಹುಡುಗರ ಬ್ಯಾಗಿನಲ್ಲಿ ಸ್ಟೀಲಿನ ಡಬ್ಬಿ, ಕೈಯಲ್ಲಿ ಮೊಬೈಲು. ಮೊಬೈಲಿನಲ್ಲಿ 'ಆಫೀಸಿಗೆ ಹೈ ಪ್ರೋಟೀನ್ ಲಂಚ್ ಬಾಕ್ಸ್' ಅನ್ನುವ ರೀಲ್ಸ್. ಕಿನೊವಾ, ತೋಫು, ಗ್ರೀಕ್ ಮೊಸರು, ಕೊನೆಗೆ ಒಂದು ಚಮಚ ಪುಡಿ. ನಮ್ಮ ಗುಂಪಿಗೂ ಅದು ಫಾರ್ವರ್ಡ್ ಆಗಿ ಬಂತು.

ಕಿನೊವಾ ತಿನ್ನುವವರು ತಿನ್ನಲಿ, ನಮ್ಮ ತಕರಾರಿಲ್ಲ. ತಕರಾರು ಇರುವುದು ಬೇರೆ ಕಡೆ. ತೊಗರಿ, ಕಡಲೆ, ಹೆಸರು, ಶೇಂಗಾ ಬೆಳೆಯುವ ಈ ಎರಿ ಭೂಮಿಯವರಿಗೇ ಪ್ರೋಟೀನ್ ಅಂದರೆ ಪೇಟೆಯಿಂದ ತರುವ ವಸ್ತು ಅಂತ ನಂಬಿಸುತ್ತಿದ್ದಾರೆ. ಅದೇ ಕಾಲಕ್ಕೆ ಕಾಳು ಬಿತ್ತಿ, ಸದಿ ತೆಗೆದು, ರಾಶಿ ಮಾಡಿದವರ ಬುತ್ತಿಯಿಂದ ಕಾಳು ಕಾಣೆಯಾಗಿದೆ. ಮೊದಲು ಕಾಣೆಯಾದದ್ದು ಹೆಣ್ಣುಮಕ್ಕಳ ಬುತ್ತಿಯಿಂದ.

ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಅವರ ಜೊತೆ ಊಟಕ್ಕೆ ಕೂತೆವು. ಗಂಟು ಬಿಚ್ಚಿದರೆ ರೊಟ್ಟಿ, ಕೆಂಪು ಖಾರ, ಉಳ್ಳಾಗಡ್ಡಿ. ಕೆಲವರಲ್ಲಿ ಶೇಂಗಾ ಹಿಂಡಿ. ಒಬ್ಬರದು ಬರೀ ಅನ್ನ, ಮೇಲೆ ಅಂಗಡಿಯ ಉಪ್ಪಿನಕಾಯಿ ಪಾಕೀಟು. ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆವು, "ಯವ್ವಾ, ಪಲ್ಯ ಮಾಡಿರ್ಲಿಲ್ಲೇನ್ರಿ ಇವತ್ತ?"

"ಮಾಡಿದ್ನೆಪಾ ತಮ್ಮಾ. ಮಡಿಕಿ ಕಾಳ ಮಾಡಿದ್ನಿ. ಹುಡುಗನ ಡಬ್ಬಿಗಿ ಹಾಕಿದ್ನಿ, ಅವರಪ್ಪಗ ಇಟ್ಟ ಬಂದ್ನಿ. ನನಗೇನ ಬೇಕ, ಖಾರ ಐತಲ್ಲ."

ಸುತ್ತ ಕೂತವರು ಯಾರೂ ಇದನ್ನು ವಿಶೇಷ ಅಂತ ತಿಳಿಯಲಿಲ್ಲ. ಎಲ್ಲರ ಮನೆಯದೂ ಅದೇ ಕತೆ. ಆ ಹುಡುಗ ದಿನವಿಡೀ ಫ್ಯಾನಿನ ಕೆಳಗೆ ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುತ್ತಾನೆ. ತಾಯಿ ಬಿಸಿಲಿನಲ್ಲಿ ನಡು ಬಗ್ಗಿಸಿ ಸಂಜೆವರೆಗೆ ಕಸ ತೆಗೆಯುತ್ತಾಳೆ. ಕಾಳು ಹೋದದ್ದು ಫ್ಯಾನಿನ ಕೆಳಗೆ.

ಸ್ವಲ್ಪ ಲೆಕ್ಕ ನೋಡೋಣ, ಗಾಬರಿಯಾಗಬೇಡಿ, ಸಣ್ಣ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಗುವ ಹೆಣ್ಣುಮಗಳಿಗೆ ಸುಮಾರು 46 ಗ್ರಾಂ. ಒಂದು ದೊಡ್ಡ ಜೋಳದ ರೊಟ್ಟಿಗೆ 60 ಗ್ರಾಂ ಹಿಟ್ಟು ಅಂತ ಹಿಡಿಯಿರಿ, ಅದರಲ್ಲಿ 6 ಗ್ರಾಂ ಪ್ರೋಟೀನ್. ಮೂರು ರೊಟ್ಟಿಗೆ 18 ಗ್ರಾಂ. ಖಾರದಿಂದ ಬಾಯಿಗೆ ರುಚಿ, ಪ್ರೋಟೀನ್ ಲೆಕ್ಕಕ್ಕೆ ಇಲ್ಲ. ಈಗ ಅದೇ ಬುತ್ತಿಗೆ ಒಂದು ಮುಷ್ಟಿ, ಅಂದರೆ 40 ಗ್ರಾಂನಷ್ಟು ಒಣ ಮಡಿಕೆ ಕಾಳಿನ ಉಸಳಿ ಸೇರಿಸಿ: 9 ಗ್ರಾಂ. ಎರಡು ಚಮಚ ಶೇಂಗಾ ಹಿಂಡಿ: 4 ಗ್ರಾಂ. ಒಟ್ಟು 31. ದಿನಕ್ಕೆ ಬೇಕಾದದ್ದರಲ್ಲಿ ಮೂರರಲ್ಲಿ ಎರಡು ಪಾಲು ಒಂದೇ ಬುತ್ತಿಯಲ್ಲಿ ಬಂತು. ತೋಫು ಎಲ್ಲಿ ಬೇಕಾಯಿತು?

ಇನ್ನೊಂದು ಮಾತು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನುವ ಒಂದು ಅಂಶ ಕಡಿಮೆ. ಅದು ಬೇಳೆಕಾಳಿನಲ್ಲಿ ಧಾರಾಳವಾಗಿದೆ. ಕಾಳಿನಲ್ಲಿ ಕೊರತೆ ಇರುವುದನ್ನು ಜೋಳ ತುಂಬುತ್ತದೆ. ರೊಟ್ಟಿಗೆ ಕಾಳು ಜೋಡಿ ಮಾಡಿದ ಹಿರಿಯರಿಗೆ ಈ ಹೆಸರು ಗೊತ್ತಿರಲಿಲ್ಲ, ಜೋಡಿ ಗೊತ್ತಿತ್ತು. ಶೇಂಗಾದಲ್ಲೂ ಲೈಸಿನ್ ಕಡಿಮೆಯೇ. ಹಾಗಾಗಿ 'ಹಿಂಡಿ ಐತಲ್ಲ, ಕಾಳು ಯಾಕ' ಅನ್ನುವ ಮಾತು ನಡೆಯುವುದಿಲ್ಲ. ಎರಡೂ ಇರಲಿ.

ಮೊಳಕೆ ಬಂದರೆ ಕಾಳಿನ ಪ್ರೋಟೀನ್ ದುಪ್ಪಟ್ಟಾಗುತ್ತದೆ ಅನ್ನುವುದು ಮಾತ್ರ ವಾಟ್ಸಾಪಿನ ಮಾತು. ಅರಗುವುದು ಸುಲಭ, ಸಿ ವಿಟಮಿನ್ ಹೆಚ್ಚುತ್ತದೆ, ಅಷ್ಟೇ. ಅದೇನು ಕಡಿಮೆಯೇ?

ಪುಡಿಯ ವಿಷಯಕ್ಕೆ ಬರೋಣ. ನಮ್ಮ ಗೆಳೆಯನೊಬ್ಬ ಜಿಮ್ಮಿಗೆ ಹೋಗುತ್ತಾನೆ, ಕೂಲಿ ಹಣದಲ್ಲಿ ಡಬ್ಬ ತರುತ್ತಾನೆ. ಅದರಲ್ಲಿ ಪ್ರೋಟೀನ್ ಇಲ್ಲ ಅಂತ ನಾವು ಹೇಳುವುದಿಲ್ಲ, ಇದೆ. ಆದರೆ 2024ರ ಮೇ ತಿಂಗಳಲ್ಲಿ ಇದೇ ಪೋಷಣಾ ಸಂಸ್ಥೆ ಆಹಾರದ ಮಾರ್ಗಸೂಚಿ ಹೊರಡಿಸಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತ ಸ್ಪಷ್ಟವಾಗಿ ಹೇಳಿತು. ಆ ಡಬ್ಬದ ದುಡ್ಡಿಗೆ ಎಷ್ಟು ಕಿಲೋ ಕಡಲೆ ಬರುತ್ತದೆ ಅಂತ ನಿಮ್ಮೂರ ಕಿರಾಣಿ ಅಂಗಡಿಯಲ್ಲೇ ಕೇಳಿ ನೋಡಿ. ನೂರು ಗ್ರಾಂ ಕಡಲೆಯಲ್ಲಿ ಇಪ್ಪತ್ತು ಗ್ರಾಂ ಸಮೀಪ ಪ್ರೋಟೀನ್ ಇದೆ.

ಹಾಗಾದರೆ ಕಾಳು ಹೋಯಿತೆಲ್ಲಿ? ಸುಗ್ಗಿಯಲ್ಲಿ ಚೀಲ ಕಟ್ಟಿ ಅಡತಿ ಅಂಗಡಿಗೆ ಹೋಯಿತು. ಸಾಲ ಇರುವವರು ಮನೆಗೆ ಅಂತ ಅರ್ಧ ಚೀಲವನ್ನೂ ಉಳಿಸಿಕೊಳ್ಳುವುದಿಲ್ಲ. ಅದೇ ತೊಗರಿ ಮಿಲ್ಲಿಗೆ ಹೋಗಿ, ಬೇಳೆಯಾಗಿ, ಪಾಕೀಟಾಗಿ ದುಪ್ಪಟ್ಟು ಬೆಲೆಗೆ ನಮ್ಮೂರ ಅಂಗಡಿಗೆ ಬಂದು ನೇತಾಡುತ್ತದೆ. ಹೊಲವೇ ಇಲ್ಲದ ಕೂಲಿಯವರಿಗೆ ಆ ಅರ್ಧ ಚೀಲದ ಆಸೆಯೂ ಇಲ್ಲ.

ಸರ್ಕಾರದ ಪಾಲೂ ಇದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿ, ಸಿರಿಧಾನ್ಯ ಇವೆ, ಬೇಳೆಕಾಳು ಇಲ್ಲ. ಹೊಟ್ಟೆ ತುಂಬಿಸಿದರು, ಅದಕ್ಕೆ ಋಣಿ. ಅನ್ನಭಾಗ್ಯದ ಅಕ್ಕಿ ಇಲ್ಲದಿದ್ದರೆ ಎಷ್ಟೋ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಆದರೆ ಅಕ್ಕಿಯಲ್ಲಿ ಜೋಳಕ್ಕಿಂತಲೂ ಪ್ರೋಟೀನ್ ಕಡಿಮೆ. ಹೆಚ್ಚುವರಿ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ ಇರುವ ಕಿಟ್ ಕೊಡುವ ತೀರ್ಮಾನವನ್ನು ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಮಾಡಿತು. ಆ ಬೇಳೆ ಪ್ರತಿ ತಿಂಗಳೂ ತೂಕ ತಪ್ಪದೆ ಬರಬೇಕು. ಬಾರದಿದ್ದರೆ ರೇಷನ್ ಅಂಗಡಿಯ ಮುಂದೆ ನಿಂತು ಕೇಳಬೇಕು. ಅಕ್ಕಿ ಕಡಿಮೆ ತೂಗಿದರೆ ಜಗಳ ಮಾಡುವ ನಾವು ಬೇಳೆಗೆ ಯಾಕೆ ಸುಮ್ಮನಿರಬೇಕು?

ಶಾಲೆ ಮಕ್ಕಳ ವಿಷಯದಲ್ಲಿ ಇಷ್ಟಾದರೂ ಆಯಿತು. 2021ರ ಡಿಸೆಂಬರಿನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮ ವಿಜಯಪುರವೂ ಒಂದು. ಎಷ್ಟು ಗದ್ದಲವಾಯಿತು ಅಂತ ನೆನಪಿದೆ. ಮಕ್ಕಳು ಮಾತ್ರ ತಿಂದರು. ಈಗ ಮಗನಿಗೆ ಶಾಲೆಯಲ್ಲಿ ಮೊಟ್ಟೆ, ತಾಯಿಗೆ ಹೊಲದಲ್ಲಿ ಖಾರ. ಮೊಟ್ಟೆ ತಿನ್ನುವ ಮನೆಯವರು ಬುತ್ತಿಗೆ ಒಂದು ಕುದಿಸಿದ ಮೊಟ್ಟೆ ಯಾಕೆ ಕಟ್ಟಬಾರದು? ಆರು ಗ್ರಾಂ ಪ್ರೋಟೀನ್, ಸಿಪ್ಪೆಯೇ ಅದರ ಡಬ್ಬಿ. 'ಆಫೀಸಿನಲ್ಲಿ ಮೊಟ್ಟೆ ಡಬ್ಬಿ ಬಿಚ್ಚಿದರೆ ಮಂದಿ ಎದ್ದು ಹೋಗ್ತಾರ' ಅಂತ ಒಬ್ಬ ಗೆಳೆಯ ಹೇಳಿದ. ಎದ್ದು ಹೋಗುವವರು ಹೋಗಲಿ, ಜಾಗ ಅಗಲವಾಗುತ್ತದೆ.

'ಮಧ್ಯಾಹ್ನದೊಳಗ ಕಾಳು ಹಳಸ್ತೈತಿ' ಅನ್ನುವುದು ನಿಜವಾದ ತೊಂದರೆ, ಅದರಲ್ಲೂ ಬೇಸಿಗೆಯಲ್ಲಿ. ನೀರು ಇಂಗುವ ತನಕ ಹುರಿದು, ಹಸಿ ಕೊಬ್ಬರಿ ಹಾಕದೆ, ಆರಿದ ಮೇಲೆ ಕಟ್ಟಿದರೆ ಮಡಿಕೆ, ಹೆಸರು ಎರಡೂ ಊಟದ ಹೊತ್ತಿನ ತನಕ ತಡೆಯುತ್ತವೆ. ತೀರಾ ಉರಿಬಿಸಿಲಿದ್ದರೆ ಝುಣಕದ ವಡಿ ಕಟ್ಟಿ, ಅದೂ ಕಡಲೆಯೇ. ಒಂದು ದಿನ ಅಲಸಂದಿ, ಒಂದು ದಿನ ಗಟ್ಟಿ ಬ್ಯಾಳಿ ಹಾಕಿದ ಪುಂಡಿ ಪಲ್ಯ. ಹಿಂಡಿಯೂ ಶೇಂಗಾ ಒಂದೇ ಯಾಕೆ, ಅಗಸಿ ಇದೆ, ಗುರೆಳ್ಳು ಇದೆ. ಏನೂ ಆಗದ ದಿನ ಹುರಿದ ಶೇಂಗಾ, ಪುಟಾಣಿ ಒಂದು ಹಿಡಿ ಸೆರಗಿಗೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವಾಗ ಸಜ್ಜಿ ರೊಟ್ಟಿ, ಕಾಳು ಪಲ್ಯ, ಶೇಂಗಾ ಹೋಳಿಗೆ, ಮೊಸರು ಎಲ್ಲ ಕಟ್ಟಿಕೊಂಡು ಹೋಗುತ್ತೇವಲ್ಲ. ಭೂಮಿತಾಯಿಗೆ ವರ್ಷಕ್ಕೊಮ್ಮೆ ಕೊಡುವ ಆ ಬುತ್ತಿಯ ಕಾಲುಭಾಗ ಅದೇ ಭೂಮಿಯಲ್ಲಿ ದುಡಿಯುವವಳಿಗೆ ಉಳಿದ ದಿನ ಸಿಗಲಿ ಅನ್ನುತ್ತಿದ್ದೇವೆ.

'ಹೊತ್ತಿಲ್ರಿ' ಅನ್ನುವುದು ಎರಡನೇ ಮಾತು. ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿಯುವವಳಿಗೆ 'ಇನ್ನೂ ಒಂದು ಪಲ್ಯ ಮಾಡು' ಅಂತ ಈ ಲೇಖನವನ್ನು ಓದಿ ಹೇಳಿದಿರೋ, ನಾವು ಬರೆದದ್ದು ವ್ಯರ್ಥ. ಅಣ್ಣಂದಿರೇ, ತಮ್ಮಂದಿರೇ, ಇದು ನಿಮಗೆ. ರಾತ್ರಿ ಮೊಬೈಲು ಹಿಡಿದು ಮಲಗುವ ಮುಂಚೆ ಒಂದು ಬೋಗುಣಿಯಲ್ಲಿ ಎರಡು ಮುಷ್ಟಿ ಕಾಳು ನೆನೆ ಹಾಕಿ. ಬೆಳಿಗ್ಗೆ ಒಗ್ಗರಣೆ ನೀವೇ ಕೊಡಿ. ಮೊದಲ ದಿನ ಉಪ್ಪು ಹೆಚ್ಚಾಗುತ್ತದೆ, ನಮಗೂ ಆಗಿತ್ತು. ಆಮೇಲೆ ನಿಮ್ಮ ಡಬ್ಬಿ ತುಂಬುವ ಮುಂಚೆ ಅವ್ವನ ಬುತ್ತಿ ಬಿಚ್ಚಿ, ಅದಕ್ಕೆ ಮೊದಲು ಹಾಕಿ. 'ನನಗ ಬ್ಯಾಡೋ, ಖಾರ ಐತಲ್ಲ' ಅನ್ನುತ್ತಾಳೆ. ಅಂದರೂ ಹಾಕಿ.