ಬಾಯಿ ಬಿದ್ದವನ ಹೆಬ್ಬೆಟ್ಟು

ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನಾಲ್ಕು ಜನ ಬಂದಿದ್ದರು. ಇಬ್ಬರು ನಮ್ಮ ಹತ್ತಿರದ ಬಂಧುಗಳು, ಒಬ್ಬರು ಪತ್ರ ಬರೆಯುವವರು, ಇನ್ನೊಬ್ಬರು ಮೊಹಲ್ಲಾದ ಹಿರಿಯರು. ತಂದೆಯ ಕಾಲದ ಮನೆಯ ಪಾಲಿನ ವಿಚಾರ. ಅಣ್ಣ ಗೋಡೆಗೆ ಒರಗಿ ಕುಳಿತಿದ್ದ. ಪತ್ರದಲ್ಲಿ ಏನಿದೆ ಎಂದು ಯಾರೂ ಅವನಿಗೆ ಓದಿ ಹೇಳಲಿಲ್ಲ. ನಾನು ಕೇಳಿದ್ದಕ್ಕೆ ಹಿರಿಯರು ನನ್ನನ್ನೇ ಸಮಾಧಾನಪಡಿಸುವ ದನಿಯಲ್ಲಿ, "ಅವರಿಗೆ ಇನ್ನೇನು ತಿಳಿಯುತ್ತೆ ಬಾಬಾ, ಪಾಪ" ಎಂದರು. ಇಂಕಿನ ಪ್ಯಾಡು ಮುಂದೆ ಬಂತು. ಅಣ್ಣ ತನ್ನ ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಅದರ ಮೇಲೆ ಕುಳಿತುಬಿಟ್ಟ. ಬಲಗೈ ಅವನ ಮಾತು ಕೇಳುವುದಿಲ್ಲ. ಅದನ್ನು ಯಾರಾದರೂ ಎಳೆದುಕೊಳ್ಳಬಹುದಿತ್ತು. ಒಬ್ಬರು ಎಳೆಯಲು ಹೋದರು ಕೂಡ.

ತಿಳಿಯದವನು ಕೈ ಬಚ್ಚಿಡುವುದಿಲ್ಲ. ಇಷ್ಟು ಸರಳವಾದ ಸಂಗತಿ ಆ ನಾಲ್ವರಿಗೆ ಹೊಳೆಯಲಿಲ್ಲವೆಂದು ನಾನು ನಂಬುವುದಿಲ್ಲ. ಹೊಳೆದಿತ್ತು. ಹೊಳೆಯದಂತೆ ಇರುವುದು ಅನುಕೂಲವಾಗಿತ್ತು.

ನಮ್ಮಣ್ಣ ದರ್ಜಿ. 2022ರಲ್ಲಿ, ರಮಝಾನ್ ಕಳೆದು ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಫಜ್ರ್‌ಗೆ ಎದ್ದವನು ವುಝೂ ಮಾಡುವಾಗಲೇ ಕುಸಿದ. ಮಿದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಅದನ್ನು ಸ್ಕ್ಯಾನ್ ಮಾಡಿ, ಕಾಯಿಲೆ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ನಾಲ್ಕೂವರೆ ಗಂಟೆಯಲ್ಲಿ ನಾವೇನು ಮಾಡಿದೆವು? ಪಾರಿವಾಳ ಹುಡುಕಿದೆವು. ಅದರ ಬಿಸಿ ರಕ್ತ ತಿಕ್ಕಿದರೆ ಬಿದ್ದ ಕೈ ಏಳುತ್ತದೆಯೆಂದು ನಮ್ಮ ಕಡೆ ಇವತ್ತಿಗೂ ನಂಬುತ್ತಾರೆ. ಉರ್ದುವಿನಲ್ಲಿ ಅರ್ಧಾಂಗಕ್ಕೆ ಫಾಲಿಜ್ ಎನ್ನುತ್ತಾರೆ, ಬರೀ ಮುಖ ವಾರೆಯಾದರೆ ಲಕ್ವಾ. ನಮ್ಮೂರಲ್ಲಿ ಎರಡೂ ಲಕ್ವವೇ, ಎರಡಕ್ಕೂ ಪಾರಿವಾಳವೇ. ಪಾರಿವಾಳದ ಹಿಂದೆ ಓಡಿದವರಲ್ಲಿ ನಾನೂ ಒಬ್ಬ. ಹಾಗಾಗಿ ಈ ಲೇಖನದಲ್ಲಿ ನಾನು ಯಾರನ್ನು ಬೈದರೂ ನನ್ನನ್ನು ಬಿಟ್ಟು ಬೈಯುತ್ತಿಲ್ಲ.

ಆದರೆ ನನ್ನ ತಕರಾರು ಆ ಬೆಳಗಿನದ್ದಲ್ಲ, ಅದರ ನಂತರದ ಬದುಕಿನದ್ದು.

ಕಾಯಿಲೆಯವರನ್ನು ಹೋಗಿ ನೋಡುವುದು, ಅಂದರೆ ಅಯಾದತ್, ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ. ನಿಜ ಹೇಳಬೇಕೆಂದರೆ ಅದರಲ್ಲಿ ನಮ್ಮ ಜನ ಹಿಂದೆ ಬಿದ್ದಿಲ್ಲ. ಆಸ್ಪತ್ರೆಯ ವರಾಂಡ ತುಂಬಿಹೋಗಿತ್ತು. ಝಮ್‌ಝಮ್ ನೀರು ಬಂತು, ಎಳನೀರು ಬಂತು, ದಮ್ ಮಾಡಿದ ಸಕ್ಕರೆ ಬಂತು. ಪಾರ್ಶ್ವವಾಯು ಹೊಡೆದವರಿಗೆ ನುಂಗುವ ಶಕ್ತಿಯೂ ಕುಂದಿರಬಹುದು, ಅಂಥವರಿಗೆ ಅನ್ನಕ್ಕಿಂತ ತೆಳು ನೀರೇ ಹೆಚ್ಚು ಅಪಾಯ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ನರ್ಸಮ್ಮ ಹೇಳಿ ಹೇಳಿ ಸುಸ್ತಾದರು. ಚಮಚೆ ಹಿಡಿದ ಭಕ್ತರನ್ನು ತಡೆಯುವುದೇ ಅತ್ತಿಗೆಗೆ ಒಂದು ಕೆಲಸವಾಯಿತು. ಮನೆಗೆ ಬಂದ ಮೇಲೂ ಜನ ಬಂದರು. ನಲವತ್ತು ದಿನದ ಹೊತ್ತಿಗೆ ಚಪ್ಪಲಿಗಳ ಸಂಖ್ಯೆ ಕಡಿಮೆಯಾಯಿತು. ಆಮೇಲೆ ಇಲ್ಲ.

ಏಕೆಂದರೆ ನಮ್ಮ ಲೆಕ್ಕದಲ್ಲಿ ಕಾಯಿಲೆಗೆ ಎರಡೇ ಕೊನೆ: ಶಿಫಾ ಅಥವಾ ಜನಾಝ. ಗುಣವಾಗಿ ಎದ್ದು ಓಡಾಡಬೇಕು, ಇಲ್ಲವೇ ಹೊತ್ತುಕೊಂಡು ಹೋಗಬೇಕು. ನಡುವೆ ಇರುವವರು, ಅಂದರೆ ಸಾಯದೆ ಉಳಿದು ಪೂರ್ತಿ ಏಳದೆ ಇರುವವರು, ಇಪ್ಪತ್ತು ವರ್ಷ ಹಾಗೆಯೇ ಬಾಳಬೇಕಾದವರು ನಮ್ಮ ಯಾವ ರಿಜಿಸ್ಟರಿನಲ್ಲೂ ಇಲ್ಲ. ಸ್ಕ್ಯಾನಿಂಗಿಗೆ ಝಕಾತ್ ಕಮಿಟಿಯವರು ಒಂದೇ ದಿನದಲ್ಲಿ ಹಣ ಕೊಟ್ಟರು, ಅಲ್ಲಾಹು ಅವರಿಗೆ ಒಳ್ಳೆಯದು ಮಾಡಲಿ. ಮೂರು ತಿಂಗಳ ನಂತರ ಫಿಸಿಯೋಥೆರಪಿಗೆ ಕೇಳಿದಾಗ, "ಕೈ ತಿಕ್ಕುವುದಕ್ಕೂ ಝಕಾತಾ?" ಎಂದು ನಕ್ಕರು. ಕೈಕಾಲುಗಳ ಚೇತರಿಕೆ ಹೆಚ್ಚು ವೇಗವಾಗಿರುವುದು ಆ ಮೊದಲ ತಿಂಗಳುಗಳಲ್ಲೇ. ಕುರ್‌ಆನ್ ಝಕಾತಿಗೆ ಹೇಳಿದ ಎಂಟು ಬಾಬ್ತುಗಳಲ್ಲಿ ಬಡವರು, ನಿರ್ಗತಿಕರು, ಸಾಲಗಾರರು ಇದ್ದಾರೆ. ಹೊಲಿಗೆಯಂತ್ರ ನಿಂತ ದರ್ಜಿ ಆರು ತಿಂಗಳಲ್ಲಿ ಆ ಮೂರೂ ಆಗುತ್ತಾನೆ.

ಇನ್ನು ಮಾತಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಜಗಳವೆಲ್ಲ ಇಲ್ಲಿದೆ.

ಬಲಗೈ ಬಳಸುವ ಬಹುತೇಕರಲ್ಲಿ ಭಾಷೆಯ ಕೆಲಸ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟು ಬಿದ್ದರೆ ಬಲಗಡೆಯ ಕೈಕಾಲಿನ ಜೊತೆಗೆ ಮಾತೂ ಹೋಗಬಹುದು. ವೈದ್ಯರು ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ನಾಲಿಗೆ ಸತ್ತಿದೆ ಎಂದಲ್ಲ, ಬುದ್ಧಿ ಸತ್ತಿದೆ ಎಂದಂತೂ ಅಲ್ಲವೇ ಅಲ್ಲ. ಹೇಳಬೇಕಾದ್ದು ಒಳಗಿದೆ, ಅದಕ್ಕೆ ತೊಡಿಸುವ ಪದ ಕೈಗೆ ಸಿಗುವುದಿಲ್ಲ, ಅಥವಾ ಬೇರೆ ಪದ ಸಿಕ್ಕಿಬಿಡುತ್ತದೆ. ಅಣ್ಣ ಚಮಚೆ ಬೇಕಾದರೆ "ಕತ್ತರಿ" ಎನ್ನುತ್ತಿದ್ದ. ಅದು ತಪ್ಪೆಂದು ಅವನಿಗೇ ಗೊತ್ತಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಪಕ್ಕದಲ್ಲಿದ್ದವರು ನಗುತ್ತಿದ್ದರು. ಕೆಲವರಿಗೆ ಬೇರೆಯವರ ಮಾತು ಅರ್ಥವಾಗುವುದೂ ಕಷ್ಟವಾಗುತ್ತದೆ, ಓದುವುದು ಬರೆಯುವುದೂ ಹೋಗುತ್ತದೆ. ಪ್ರತಿಯೊಬ್ಬರದೂ ಬೇರೆ ಬೇರೆ. ಅಣ್ಣನಿಗೆ ನಿಧಾನವಾಗಿ ಹೇಳಿದರೆ ಎಲ್ಲವೂ ತಿಳಿಯುತ್ತದೆ.

ಎರಡನೇ ತಿಂಗಳಲ್ಲಿ ಒಂದು ವಿಚಿತ್ರ ನಡೆಯಿತು. ಒಂದು ಲೋಟ ನೀರು ಕೇಳಲಾಗದ ಅಣ್ಣ, ಇಶಾ ನಮಾಝಿನ ಹೊತ್ತಿಗೆ ಸೂರಾ ಫಾತಿಹಾವನ್ನು ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಓದಿದ. ಮನೆಯಲ್ಲಿ ಅಳು, ನಗು, ಪವಾಡದ ಮಾತು. ಮರುದಿನವೇ ಇನ್ನೊಂದು ಮಾತು ಶುರುವಾಯಿತು: "ಫಾತಿಹಾ ಬರುತ್ತೆ, ನೀರು ಕೇಳೋಕೆ ಬರಲ್ವಾ? ಎಲ್ಲ ನಾಟಕ." ಅತ್ತಿಗೆಯ ಮುಂದೆಯೇ ಆಡಿದರು.

ಅದು ಪವಾಡವೂ ಅಲ್ಲ, ನಾಟಕವೂ ಅಲ್ಲ. ಬಾಲ್ಯದಿಂದ ಸಾವಿರಾರು ಸಲ ಹೇಳಿ ರೂಢಿಯಾದ ಸರಣಿಗಳು, ಅಂದರೆ ಪ್ರಾರ್ಥನೆ, ವಾರದ ಹೆಸರುಗಳು, ಎಣಿಕೆ, ಹಾಡು, ಬೈಗುಳ ಸಹ, ಹೊಸದಾಗಿ ಕಟ್ಟಬೇಕಾದ ಮಾತಿನ ದಾರಿಯಲ್ಲೇ ಬರುವುದಿಲ್ಲ. ಮಾತು ನಿಂತವರಲ್ಲೂ ಅವು ಉಳಿದಿರುವುದು ವೈದ್ಯಲೋಕಕ್ಕೆ ನೂರು ವರ್ಷಗಳಿಗೂ ಹಿಂದಿನಿಂದ ಗೊತ್ತು. ಹಿಂದೂ ಮನೆಯಲ್ಲಾದರೆ ಹನುಮಾನ್ ಚಾಲೀಸಾ ಬರಬಹುದು, ಚರ್ಚಿಗೆ ಹೋಗುವವರಿಗೆ ಅವರ ಪ್ರಾರ್ಥನೆ. ಅಣ್ಣನಿಗೆ ಫಾತಿಹಾದ ಜೊತೆ ಒಂದು ಕೆಟ್ಟ ಬೈಗುಳವೂ ಸರಾಗವಾಗಿ ಬರುತ್ತಿತ್ತು. ಅದನ್ನು ಯಾರೂ ಪವಾಡ ಎನ್ನಲಿಲ್ಲ.

ಭಾಷೆಯ ತೊಡಕು ಬೇರೆ. ನಮ್ಮದು ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ. ವಾರಕ್ಕೊಮ್ಮೆ ಮಾತಿನ ತರಬೇತಿ ಕೊಡುತ್ತಿದ್ದ ಹುಡುಗಿ ಕನ್ನಡದವಳು, ಒಳ್ಳೆಯವಳು. ಅಣ್ಣನಿಗೆ ಅಂಗಡಿಯ ಕನ್ನಡ ಮೊದಲು ಬಂತು, ಮನೆಯ ಉರ್ದು ಹಿಂದೆ ಬಿತ್ತು. ಎರಡು ಭಾಷೆ ಬಲ್ಲವರಲ್ಲಿ ಹೀಗೆ ಒಂದು ಮುಂದೆ ಒಂದು ಹಿಂದೆ ಆಗುವುದುಂಟು. ತಾಯಿನುಡಿಯೇ ಮೊದಲು ಮರಳಬೇಕೆಂಬ ನಿಯಮವೇನೂ ಇಲ್ಲ. ಆದರೆ ಬಂಧುಗಳಲ್ಲಿ ಒಬ್ಬರು, "ಮಾದರೀ ಝಬಾನನ್ನೇ ಮರೆತನಲ್ಲ" ಎಂದು ಅದನ್ನೂ ಒಂದು ಅಪರಾಧ ಮಾಡಿದರು. ಬಾಯಿ ಬಿದ್ದವನ ಮೇಲೂ ನಮ್ಮ ಭಾಷಾಭಿಮಾನ ಸವಾರಿ ಮಾಡಬೇಕೇ?

ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್‌ಗೆ 1990ರಲ್ಲಿ ಇದೇ ಕಾಯಿಲೆ ಹೊಡೆದು ಬಲಭಾಗವೂ ಮಾತೂ ಹೋದವು. ಆತ ಎಡಗೈಯಲ್ಲಿ ಪಿಯಾನೋ ನುಡಿಸಿದ, ಆಮೇಲೂ ಕವಿತೆಗಳ ಪುಸ್ತಕ ತಂದ, 2011ರಲ್ಲಿ ನೊಬೆಲ್ ಪಡೆದ. ಅವನ ಬುದ್ಧಿ ಹೋಗಿದೆ ಎಂದು ಯಾರೂ ಹೇಳಲಿಲ್ಲ. ನಮ್ಮಣ್ಣ ಕವಿಯಲ್ಲ, ಸಫಾರಿ ಸೂಟು ಹೊಲಿಯುವವನು. ಅಷ್ಟೇ ವ್ಯತ್ಯಾಸ.

ಈಗ ದೀನಿನ ಮಾತಿಗೆ ಬರೋಣ, ಏಕೆಂದರೆ ಆ ನಾಲ್ವರೂ ಐದು ಹೊತ್ತಿನವರು. ಕುರ್‌ಆನಿನ ಅತಿ ಉದ್ದದ ಆಯತ್ ಯಾವುದು? ಸೂರಾ ಬಕರಾದ 282ನೆಯದು. ಅದು ಸ್ವರ್ಗ ನರಕದ ಬಗ್ಗೆ ಅಲ್ಲ, ಸಾಲದ ಪತ್ರ ಬರೆಯುವ ಬಗ್ಗೆ. ಪತ್ರದ ಒಕ್ಕಣೆಯನ್ನು ಸಾಲಗಾರನೇ ಹೇಳಿ ಬರೆಸಬೇಕೆಂದು ಅಲ್ಲಿ ಹೇಳಿದೆ. ಅವನು ಅವಿವೇಕಿಯಾಗಿದ್ದರೆ, ಅಥವಾ ದುರ್ಬಲನಾಗಿದ್ದರೆ, ಅಥವಾ ಹೇಳಿ ಬರೆಸಲು ಆಗದವನಾಗಿದ್ದರೆ, ಅವನ ಪರವಾಗಿ ಅವನ ಪೋಷಕ ನ್ಯಾಯದಿಂದ ಬರೆಸಬೇಕು. ಗಮನಿಸಿ, ಇವು ಮೂರು ಬೇರೆ ಬೇರೆ. ಬುದ್ಧಿ ಸಾಲದವನು ಬೇರೆ, ಹೇಳಲು ಆಗದವನು ಬೇರೆ. ಸಾವಿರದ ನಾನೂರು ವರ್ಷಗಳ ಹಿಂದೆ ಬಿಡಿಸಿಟ್ಟ ಇದನ್ನು ಇಂಕಿನ ಪ್ಯಾಡು ಹಿಡಿದು ಬಂದವರು ಒಂದು "ಪಾಪ"ದಲ್ಲಿ ಕಲಸಿಬಿಟ್ಟರು. ಇಬ್ಬರ ವಿಷಯದಲ್ಲೂ ನ್ಯಾಯದಿಂದ ಎಂಬ ಷರತ್ತು ಇದೆ ಎಂಬುದನ್ನಂತೂ ಕೇಳಲೇಬೇಡಿ.

ಫಿಕ್‌ಹ್ (ಧರ್ಮಶಾಸ್ತ್ರ) ಗ್ರಂಥಗಳನ್ನು ತೆರೆದು ನೋಡಿ. ಮೂಕನ ಸನ್ನೆಗೆ ಮಾತಿನ ಬೆಲೆಯಿದೆ, ಅವನ ಸನ್ನೆಯ ಮೇಲೆ ನಿಕಾಹ್ ಆಗುತ್ತದೆ. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ, ಅದೂ ಆಗದಿದ್ದರೆ ಸನ್ನೆಯಿಂದಲೇ ನಮಾಝ್ ಮಾಡಬಹುದು. ಮುಖ ಸಿಂಡರಿಸಿದ್ದಕ್ಕಾಗಿ ಪ್ರವಾದಿಯವರನ್ನೇ (ಸ) ಎಚ್ಚರಿಸಿದ ಸೂರಾ ಅಬಸ ಇಳಿದದ್ದು ಕಣ್ಣಿಲ್ಲದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್ ಅವರ ವಿಷಯದಲ್ಲಿ. ಆಮೇಲೆ ಅವರು ಅಝಾನ್ ಕೊಟ್ಟರು. ಪ್ರವಾದಿಯವರು ಹೊರಗೆ ಹೋದಾಗ ಮದೀನಾವನ್ನು ಒಂದಲ್ಲ ಹಲವು ಸಲ ನೋಡಿಕೊಂಡರು. ಜುಮಾ ಭಾಷಣಗಳಲ್ಲಿ ಈ ಕತೆ ಕೇಳಿ ನಾವು ಕಣ್ಣೊರೆಸಿಕೊಳ್ಳುತ್ತೇವೆ. ಹೊರಗೆ ಬಂದರೆ ನಮ್ಮ ಮಸೀದಿಗೆ ಆರು ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ವುಝೂವಿನ ನಲ್ಲಿ ಕುಕ್ಕುರುಗಾಲಲ್ಲಿ ಕುಳಿತವರಿಗೆ ಮಾತ್ರ ಎಟುಕುತ್ತದೆ. ಮಿನಾರಕ್ಕೆ ಮಾತ್ರ ಹೋದ ವರ್ಷ ಹೊಸ ಟೈಲ್ಸ್ ಬಂತು. ಅಣ್ಣನಿಗೆ ಕುರ್ಚಿ ಹಾಕಿದ್ದಕ್ಕೆ ಸಫ್ (ಸಾಲು) ಕೆಡುತ್ತದೆಯೆಂದು ಒಬ್ಬರು ಗೊಣಗಿದರು. ಅದರ ಮುಂದಿನ ಜುಮಾಕ್ಕೆ ಅಣ್ಣ ಬರಲಿಲ್ಲ, ಕರೆದರೂ ಬರಲಿಲ್ಲ. ನಾನು ಆ ಸಫ್‌ನಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನನಗೇನು ಫಾಲಿಜ್ ಹೊಡೆದಿತ್ತೆ?

ಸರಕಾರದ ಕಡೆಯೂ ನೋಡಬೇಕಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಮಾತು ಮತ್ತು ಭಾಷೆಯ ವೈಕಲ್ಯ ಅವುಗಳಲ್ಲೊಂದು, ಅಲ್ಲಿ ಅಫೇಸಿಯಾದ ಹೆಸರೇ ಇದೆ. ಆದರೆ ಹೆಚ್ಚಿನ ಸವಲತ್ತುಗಳಿಗೆ ಶೇಕಡಾ 40 ಎಂದು ಪ್ರಮಾಣಪತ್ರ ಬೇಕು, ಪಾರ್ಶ್ವವಾಯುವಿನಂಥ ಕಾಯಿಲೆಯಲ್ಲಿ ಆ ಅಳತೆ ಮಾಡುವುದು ಆರು ತಿಂಗಳಾದ ಮೇಲೆ. ವೈದ್ಯಕೀಯವಾಗಿ ಅದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಹೊಟ್ಟೆಗೆ ಮಾತ್ರ ಆರು ತಿಂಗಳ ಕಾರಣ ತಿಳಿಯುವುದಿಲ್ಲ. ಬ್ಯಾಂಕಿನಲ್ಲಿ ಬಲಗೈ ಸಹಿ ಹೊಂದುವುದಿಲ್ಲವೆಂದು ಅಣ್ಣನ ಸ್ವಂತ ಹಣವನ್ನೇ ಕೊಡಲಿಲ್ಲ. ಕಾಯಿಲೆಯಿಂದ ಸಹಿ ಮಾಡಲಾಗದವರು ಹೆಬ್ಬೆರಳಿನ, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಒತ್ತಿ, ಇಬ್ಬರು ಸಾಕ್ಷಿಗಳ ಎದುರು ಹಣ ತೆಗೆಯಬಹುದೆಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು. ಇದನ್ನು ಹೇಳಲು ಮೂರು ಸಲ ಹೋಗಬೇಕಾಯಿತು. ವಿಪರ್ಯಾಸ ನೋಡಿ: ಅವನು ತನ್ನ ಹಣ ತೆಗೆಯಲು ಒತ್ತಲು ಹೋದ ಹೆಬ್ಬೆಟ್ಟು ಯಾರಿಗೂ ಬೇಡ, ಅವನ ಪಾಲು ಬಿಡಿಸಿಕೊಳ್ಳುವ ಹೆಬ್ಬೆಟ್ಟಿಗೆ ಜನ ಮನೆಗೇ ಬರುತ್ತಾರೆ.

ಅತ್ತಿಗೆಯ ವಿಷಯ ಬರೆಯದಿದ್ದರೆ ಇದೆಲ್ಲ ಅರ್ಧ ಸುಳ್ಳಾಗುತ್ತದೆ. ಅಣ್ಣನನ್ನು ಹಾಸಿಗೆಯಿಂದ ಎಬ್ಬಿಸುವುದು, ಸ್ನಾನ, ಶೌಚ, ಬಿ.ಪಿ. ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ. ಹುಷಾರಾಗಿದ್ದಾನಲ್ಲ, ಇನ್ನೇಕೆ ಮಾತ್ರೆ ಎನ್ನುವವರೊಂದಿಗೆ ದಿನಾ ಜಗಳ. ಬಿಟ್ಟರೆ ಎರಡನೇ ಸಲ ಹೊಡೆಯುವ ಅಪಾಯವಿದೆ. ರಾತ್ರಿ ರವಿಕೆಗಳಿಗೆ ಹುಕ್ಕು ಹಾಕುವ ಕೆಲಸ. ಅವಳ ಬೆನ್ನು ನೋವನ್ನು ಕೇಳಿದವರಿಲ್ಲ. ಬಂದವರೆಲ್ಲ ಅವಳಿಗೆ ಕೊಟ್ಟದ್ದು ಒಂದೇ: "ಸಬರ್ ಮಾಡು, ಸವಾಬ್ ಸಿಗುತ್ತೆ." ಸಹನೆ ದೊಡ್ಡದು, ಅದಕ್ಕೆ ಪುಣ್ಯವೂ ಇದೆ. ಆದರೆ ಅದು ಅನುಭವಿಸುವವಳು ತಾನಾಗಿ ತಂದುಕೊಳ್ಳುವಂಥದ್ದು. ಕೈ ಬೀಸಿಕೊಂಡು ಬಂದವರು ಹಂಚಿ ಹೋಗುವ ಸಬರ್‌ಗೆ ನಾನು ಬೇರೆ ಹೆಸರಿಡುತ್ತೇನೆ, ಇಲ್ಲಿ ಬರೆಯಲಾರೆ. ಸವಾಬ್ ಅಷ್ಟು ಸುಲಭವಾಗಿ ಸಿಗುವುದಾದರೆ ವಾರಕ್ಕೆ ಎರಡು ಗಂಟೆ ಬಂದು ಅಣ್ಣನ ಪಕ್ಕ ಕುಳಿತುಕೊಳ್ಳಿ, ಅವಳು ಮಲಗಲಿ. ಹೀಗೆ ಕೇಳಿದ್ದೇನೆ. ಬಂದದ್ದು ಒಬ್ಬರು, ಎದುರು ಮನೆಯ ನಿವೃತ್ತ ಮೇಷ್ಟರು, ಲಿಂಗಾಯತರು. ಅವರಿಗೆ ಅಣ್ಣ ಹಿಂದೆ ಅಂಗಿ ಹೊಲಿದುಕೊಡುತ್ತಿದ್ದ.

ನಾನೂ ಒಂದು ತಪ್ಪು ಮಾಡುತ್ತಿದ್ದೆ. ಡಾಕ್ಟರು ಅಣ್ಣನನ್ನು ಏನು ಕೇಳಿದರೂ ನಾನೇ ಉತ್ತರಿಸುತ್ತಿದ್ದೆ, ಸಮಯ ಉಳಿಸಲು. ಅವನ ವಾಕ್ಯಗಳನ್ನು ನಾನು ಪೂರ್ತಿ ಮಾಡುತ್ತಿದ್ದೆ. ಕತೆ ಬರೆಯುವವನ ಚಟ ಇರಬಹುದು. ಒಮ್ಮೆ ಅಣ್ಣ ಎಡಗೈಯಲ್ಲಿ ನನ್ನ ಬಾಯಿ ಮುಚ್ಚಿದ.

ಪತ್ರಕ್ಕೆ ಹೆಬ್ಬೆಟ್ಟು ಬಿದ್ದಿಲ್ಲ. ಅದನ್ನು ನಾನು ಅಣ್ಣನಿಗೆ ಓದಿ ಹೇಳಿದೆ, ಒಂದೊಂದೇ ಸಾಲು, ಹೌದು ಅಲ್ಲ ಎಂದು ತಲೆಯಾಡಿಸುವಷ್ಟು ಬಿಡುವು ಕೊಟ್ಟು. ಮೂರು ಕಡೆ ಅಲ್ಲ ಎಂದ. ಆ ಬಂಧುಗಳು ಈಗ ನಮ್ಮ ಮನೆಗೆ ಬರುವುದಿಲ್ಲ.

ಅಣ್ಣ ದಿನಾ ಎರಡು ಗಂಟೆ ಅಂಗಡಿಯಲ್ಲಿ ಕೂರುತ್ತಾನೆ. ಬಟ್ಟೆ ಕತ್ತರಿಸುವುದು ಮಗ, ಎಡಗೈ ಬೆರಳಿಂದ ಗೆರೆ ತೋರಿಸುವುದು ಅವನು. ಸಂಖ್ಯೆ ಅವನಿಗೆ ನೇರವಾಗಿ ಬರುವುದಿಲ್ಲ, ಒಂದರಿಂದ ಎಣಿಸಿಕೊಂಡೇ ಅಲ್ಲಿಗೆ ತಲುಪಬೇಕು. ಪ್ಯಾಂಟು ಯಾವಾಗ ಸಿಗುತ್ತದೆಂದು ಗಿರಾಕಿ ಕೇಳುತ್ತಾನೆ. ಅಣ್ಣ ಶುರುಮಾಡುತ್ತಾನೆ: ಒಂದು, ಎರಡು, ಮೂರು. ಹೆಚ್ಚಿನವರು ಎರಡಕ್ಕೇ ಮಗನ ಕಡೆ ತಿರುಗುತ್ತಾರೆ. ಮಗ ಏನೂ ಹೇಳದೆ ಕತ್ತರಿ ಆಡಿಸುತ್ತಿರುತ್ತಾನೆ. ಅಣ್ಣ ಐದರಲ್ಲಿ ನಿಲ್ಲುತ್ತಾನೆ, ಐದು ದಿನ.